ಮಕ್ಕಳ ಕೈಯ ಅರಿವೆ ಪರಪರಿ: ಯಾವ ಬಟ್ಟೆ, ಅಂಟೋ ಹೊಲಿಗೆಯೋ, ಯಾವ ವಯಸ್ಸಿಗೆ ಯಾವುದು?

ನಮ್ಮ ಕಡೆ ಓಣಿಯ ಈ ಬದಿಯಿಂದ ಆ ಬದಿಗೆ ಕಟ್ಟುವ ಬಣ್ಣದ ಬಾವುಟಗಳ ಸರಕ್ಕೆ ಪರಪರಿ ಅಂತಾರೆ. ಗಣಪತಿ ಕೂರಿಸಿದಾಗ, ತೇರಿನ ದಿನ, ನವೆಂಬರ್ 1ರಂದು ಧಾರವಾಡದ ಯಾವ ಓಣಿಗೆ ಹೋದರೂ ತಲೆಯ ಮೇಲೆ ಪರಪರಿ ಆಡುತ್ತಿರುತ್ತದೆ. ಹಾಳೆಯದಾದರೆ ಒಂದು ಜಿಟಿಜಿಟಿ ಮಳೆಗೆ ಬಣ್ಣ ಇಳಿದು ಕೆಳಗೆ ಬಿತ್ತು ಅಂತಲೇ ಲೆಕ್ಕ. ಪ್ಲಾಸ್ಟಿಕ್ಕಿನದು ಹಬ್ಬ ಮುಗಿದ ಮೇಲೂ ಕಂಬಕ್ಕೆ ಜೋತಾಡಿ, ಆಮೇಲೆ ಗಟಾರ ಸೇರುತ್ತದೆ. ಅದನ್ನು ಕಟ್ಟುವುದಕ್ಕೆ ಕಾನೂನೂ ಒಪ್ಪುವುದಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ (ಅಂದರೆ ನಮ್ಮ ಪರಪರಿಯಂಥ ಸರ) ಎರಡೂ ಇವೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಾದ ವಸ್ತುಗಳ ಪೈಕಿ ಪ್ಲಾಸ್ಟಿಕ್ ಧ್ವಜವೂ ಒಂದು.

ಹಾಗಾಗಿ ಅರಿವೆಯ ಪರಪರಿ. ಒಮ್ಮೆ ಮಾಡಿದರೆ ಐದಾರು ವರ್ಷಕ್ಕೆ ಮೋಸವಿಲ್ಲ. ದಸರಾ ರಜೆಯಲ್ಲಿ ನಮ್ಮ ಕಾಲನಿಯ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಇದನ್ನು ಮಾಡಿಸುತ್ತ ಬಂದಿದ್ದೇನೆ. ರಜೆಯಲ್ಲಿ ಶುರು ಮಾಡಿದರೆ ರಾಜ್ಯೋತ್ಸವಕ್ಕೆ ಸರಿಯಾಗಿ ಸರ ತಯಾರಾಗುತ್ತದೆ. ಅದನ್ನು ನೋಡಿದ ತಾಯಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಯಾವ ಬಟ್ಟೆ ತರಲಿ, ಅಂಟಿಸಲೋ ಹೊಲಿಸಲೋ?

ನನ್ನ ಉತ್ತರ ಬಟ್ಟೆಯಿಂದ ಶುರುವಾಗುವುದಿಲ್ಲ, ಮಗುವಿನ ಕೈಯಿಂದ ಶುರುವಾಗುತ್ತದೆ. ನಿಮ್ಮ ಮಗು ಯಾರ ಸಹಾಯವೂ ಇಲ್ಲದೆ ಮೊದಲಿನಿಂದ ಕೊನೆತನಕ ಮಾಡಿ ಮುಗಿಸಬಲ್ಲ ಕೆಲಸ ಯಾವುದು? ಹರಿಯುವುದೋ, ಒತ್ತುವುದೋ, ಕತ್ತರಿಸುವುದೋ, ಸೂಜಿ ಹಿಡಿಯುವುದೋ? ಅದನ್ನು ನೋಡಿಕೊಂಡು ಬಟ್ಟೆ ಆರಿಸಿ. ಮೊಬೈಲಿನಲ್ಲಿ ಚೆಂದದ ಫೋಟೋ ನೋಡಿ ಆರಿಸಿದರೆ ಕೊನೆಗೆ ರಾತ್ರಿ ಹನ್ನೊಂದಕ್ಕೆ ಕೂತು ಹೊಲಿಯುವವರು ನೀವೇ, ಮಗು ಆಗಲೇ ಮಲಗಿರುತ್ತದೆ.

ಹಳೆಯ ಅರಿವೆಯೋ, ಹೊಸ ಬಟ್ಟೆಯೋ

ಹಳೆಯ ಕಾಟನ್ ಅರಿವೆಗೆ ನನ್ನ ಮೊದಲ ಮತ. ಅಜ್ಜನ ಧೋತರ, ಸವೆದ ಬೆಡ್‌ಶೀಟು, ನಡುವೆ ಜಾಳಾಗಿ ಅಂಚಿನ ಕಡೆ ಇನ್ನೂ ಗಟ್ಟಿ ಇರುವ ಕಾಟನ್ ಸೀರೆ. ಎಷ್ಟೋ ಸಲ ಒಗೆದದ್ದರಿಂದ ಗಂಜಿ ಎಲ್ಲ ಹೋಗಿರುತ್ತದೆ, ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ, ಇನ್ನು ಕುಗ್ಗುವುದಿಲ್ಲ, ಸೂಜಿ ಸಲೀಸಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಕೆಟ್ಟರೆ ಯಾರೂ ಮುಖ ಗಂಟು ಹಾಕುವುದಿಲ್ಲ. ಹೊಸ ಬಟ್ಟೆ ಕೊಟ್ಟಾಗ ನಮಗೇ ಗೊತ್ತಿಲ್ಲದೆ ನಾವು 'ಸರಿಯಾಗಿ ಹಿಡಿ, ವೇಸ್ಟ್ ಮಾಡಬ್ಯಾಡ' ಅನ್ನುತ್ತೇವೆ. ಆ ಮಾತಿನಿಂದ ಮಗುವಿನ ಕೈ ಬಿಗಿಯುತ್ತದೆ.

ಹತ್ತಿ ಅರಿವೆಗೆ ಇನ್ನೊಂದು ಗುಣ ಇದೆ, ಅದು ಎಳೆಯ ನೇರಕ್ಕೆ ಹರಿಯುತ್ತದೆ. ಅಂಚಿನಲ್ಲಿ ಕತ್ತರಿಯಿಂದ ಅರ್ಧ ಇಂಚು ಗೀರು ಹಾಕಿ ಕೊಟ್ಟರೆ ಸಾಕು. ನಮ್ಮಲ್ಲಿಗೆ ಬಂದ ಐದು ವರ್ಷದ ಹುಡುಗಿಯೊಬ್ಬಳಿಗೆ ಹೀಗೆ ಒಂದು ಬಿಳಿ ಧೋತರದ ತುಂಡು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

"ಕಾಕು, ಹರಿದ್ರ ಬೈಯೂದಿಲ್ಲಲ್ಲ?"

"ಹರಿಯಾಕ ಕೊಟ್ಟೇನಿ. ಹರಿ."

ಪರ್ರ್ ಅಂತ ಸದ್ದಾಯಿತು. ನಿಂತಳು, ಹರಿದ ಅಂಚನ್ನು ಬೆರಳಿನಿಂದ ಸವರಿದಳು, ಗೆರೆ ಎಳೆದಷ್ಟು ನೇರ. ಆಮೇಲೆ ಅವಳನ್ನು ತಡೆಯಲು ಆಗಲಿಲ್ಲ. ಹರಿದ ಚೌಕದ ಕೆಳಗಿನ ಅಂಚಿನಿಂದ ಒಂದೊಂದೇ ಅಡ್ಡ ಎಳೆ ಹಿಡಿದು ಎಳೆಯುವುದನ್ನು ತೋರಿಸಿದೆ. ಎಳೆ ಬಿಡಿಸಿಕೊಂಡು ಬರುತ್ತ ಬರುತ್ತ ಕೆಳಗೆ ಅರ್ಧ ಇಂಚಿನ ಕುಚ್ಚು ಉಳಿಯಿತು. ಸೂಜಿ ಇಲ್ಲ, ಅಂಟು ಇಲ್ಲ, ಒಂದು ಬಾವುಟ ತಯಾರು. ಒಂದು ಎಳೆ ಎಳೆಯುವಾಗ ಬಟ್ಟೆ ಮುದುಡಿಕೊಳ್ಳುವುದು, ಎಳೆ ಹೊರಬಂದೊಡನೆ ಮತ್ತೆ ಬಿಚ್ಚಿಕೊಳ್ಳುವುದು, ಅದನ್ನೇ ಅವಳು ಹತ್ತಾರು ಸಲ ಮಾಡಿದಳು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಸಿಕ್ಕಿಲ್ಲ.

ಹೊಸದೇ ಬೇಕು, ಬಣ್ಣ ಒಂದೇ ಥರ ಇರಬೇಕು ಅನ್ನುವವರಿಗೆ ಪಾಪ್ಲಿನ್, ಅಂದರೆ ಒತ್ತಾಗಿ ನೇಯ್ದ ತೆಳು ಕಾಟನ್. ಹುಬ್ಬಳ್ಳಿಯ ಜವಳಿ ಸಾಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತಂದೊಡನೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಗೆಯಿರಿ. ಗಂಜಿ ಉಳಿದ ಬಟ್ಟೆಯ ಮೇಲೆ ಬಣ್ಣ ಕೂರುವುದಿಲ್ಲ, ಮೇಲೆ ಮೇಲೆ ಒಣಗಿ ಪದರ ಪದರವಾಗಿ ಉದುರುತ್ತದೆ.

ಪಾಪ್ಲಿನ್‌ಗಿಂತ ಸುಲಭದ ದಾರಿ ಒಂದಿದೆ, ಅದನ್ನು ಯಾರೂ ಯೋಚಿಸುವುದಿಲ್ಲ: ಸೀರೆಯ ಫಾಲ್. ಯಾವ ಮ್ಯಾಚಿಂಗ್ ಸೆಂಟರ್‌ಗೆ ಹೋದರೂ ನೂರು ಬಣ್ಣದ ಫಾಲ್ ಜೋಡಿಸಿಟ್ಟಿರುತ್ತಾರೆ. ಸುಮಾರು ಐದು ಇಂಚಿನ ಪಟ್ಟಿ, ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಉದ್ದ, ಎರಡೂ ಬದಿ ಅಂಚು ಸಿದ್ಧ. ಅಡ್ಡಡ್ಡ ಹರಿದರೆ ಸಾಲಾಗಿ ಚೌಕಗಳು, ಓರೆ ಕತ್ತರಿಸಿದರೆ ತ್ರಿಕೋನಗಳು. ಆರೇಳು ಬಣ್ಣದ್ದು ತಂದರೆ ಹತ್ತು ಮಕ್ಕಳಿಗೆ ಆಗಿ ಮಿಗುತ್ತದೆ. ಸೀರೆಗೆ ಹಚ್ಚುವ ಮೊದಲು ಫಾಲ್ ನೆನೆಸಿ ಒಣಗಿಸುವುದು ನಮಗೆಲ್ಲ ಗೊತ್ತೇ ಇದೆ, ಇಲ್ಲೂ ಅದನ್ನೇ ಮಾಡಿ. ಕೊಳ್ಳುವಾಗ ಮಾತ್ರ ಕಾಟನ್ ಫಾಲ್ ಎಂದು ಕೇಳಿ ತನ್ನಿ.

ಕೇಳಿ ತಂದರೂ ಮನೆಯಲ್ಲಿ ಒಮ್ಮೆ ಪರೀಕ್ಷೆ ಮಾಡುವುದು ಒಳ್ಳೆಯದು. ಒಂದು ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಕಾಟನ್ ಎಂದು ಕೊಟ್ಟ ಹಳದಿ ಬಟ್ಟೆ ಎರಡು ಮೀಟರ್ ತಂದಿದ್ದೆ. ಮಕ್ಕಳು ಎರಡು ದಿನ ಕೂತು ಅದರ ಮೇಲೆ ಚಿತ್ರ ಬರೆದಿದ್ದರು. ಬಣ್ಣ ಗಟ್ಟಿಯಾಗಲಿ ಎಂದು ಇಸ್ತ್ರಿ ಇಟ್ಟೆ. ಬಟ್ಟೆ ಮುದುಡಿ ಇಸ್ತ್ರಿಗೆ ಅಂಟಿಕೊಂಡಿತು. ಒಬ್ಬ ಹುಡುಗ ಬರೆದ ನವಿಲಿನ ಅರ್ಧ ಬಾಲ ಇಸ್ತ್ರಿಯ ಜೊತೆಗೇ ಬಂತು. ಅವನು ಅಳಲಿಲ್ಲ, ಆದರೆ ಅವತ್ತು ಮತ್ತೆ ಕುಂಚ ಹಿಡಿಯಲಿಲ್ಲ. ಅಂದಿನಿಂದ ಹೊಸ ಬಟ್ಟೆ ಬಂದರೆ ಒಂದೆರಡು ಎಳೆ ತೆಗೆದು ಅಡಿಗೆಮನೆಯ ಕಟ್ಟೆಯ ಮೇಲೆ ಬೆಂಕಿ ಕಡ್ಡಿ ತಾಗಿಸಿ ನೋಡುತ್ತೇನೆ. ಹತ್ತಿಯಾದರೆ ಹಾಳೆ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಂತೆ ನಿಲ್ಲುತ್ತದೆ. ಇದು ದೊಡ್ಡವರು ಮಾತ್ರ ಮಾಡುವ ಕೆಲಸ.

ಪಾಲಿಯೆಸ್ಟರ್, ಸ್ಯಾಟಿನ್ ಎರಡನ್ನೂ ನಾನು ಮಕ್ಕಳಿಗೆ ಕೊಡುವುದಿಲ್ಲ. ಹೊಳಪು ನೋಡಿ ಮಕ್ಕಳು ಅದನ್ನೇ ಕೇಳುತ್ತಾರೆ ನಿಜ. ಆದರೆ ಸ್ಯಾಟಿನ್ ಕತ್ತರಿಯಲ್ಲಿ ಜಾರುತ್ತದೆ, ಕತ್ತರಿಸಿದ ಅಂಚಿನಿಂದ ಎಳೆ ಬಿಟ್ಟುಕೊಳ್ಳುತ್ತಲೇ ಇರುತ್ತದೆ, ನೇರ ಗೆರೆ ಬರುವುದಿಲ್ಲ. ಮಗುವಿಗೆ ತನ್ನ ಕೈಯದೇ ತಪ್ಪು ಅನಿಸುತ್ತದೆ.

ಫೆಲ್ಟ್ ಬಗ್ಗೆ ಕೇಳುವವರು ಬಹಳ, ಏಕೆಂದರೆ ಅದರ ತಯಾರಿ ಕಿಟ್‌ಗಳು ಸಿಗುತ್ತವೆ. ಫೆಲ್ಟ್‌ಗೆ ನೇಯ್ಗೆಯ ಎಳೆಯೇ ಇಲ್ಲ, ನಾರುಗಳನ್ನು ಒತ್ತಿ ಮಾಡಿದ್ದು, ಹಾಗಾಗಿ ಅಂಚು ಬಿಚ್ಚುವುದಿಲ್ಲ, ಅಂಟು ಬೇಗ ಹಿಡಿಯುತ್ತದೆ, ಅಕ್ಷರ ಕತ್ತರಿಸಿ ಹಚ್ಚಿದರೆ ಚೆಂದ ಕಾಣುತ್ತದೆ. ಕೋಣೆಯೊಳಗೆ ಮಗುವಿನ ಹೆಸರಿನ ಸರ ಕಟ್ಟಲು ಸರಿ. ಓಣಿಗೆ ಬೇಡ. ಅದು ದಪ್ಪ, ಗಾಳಿಗೆ ಹಾರುವುದಿಲ್ಲ, ಹಲಗೆಯಂತೆ ಜೋತು ನಿಲ್ಲುತ್ತದೆ. ಪರಪರಿ ಅಂದ ಮೇಲೆ ಅದು ಆಡಬೇಕು.

ಖಣ, ಇಳಕಲ್ ಸೀರೆಯ ತುಂಡು ಇದ್ದರೆ? ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣದ ಮೇಲೆ ಮಕ್ಕಳು ಬಣ್ಣ ಹಚ್ಚುವಂತದ್ದೇನೂ ಇಲ್ಲ, ಅದರ ನೇಯ್ಗೆಯೇ ಚಿತ್ರ. ಎಳೆ ಬೇಗ ಬಿಡುತ್ತದೆ, ಹಿಂದೆ ಅಸ್ತರಿ ಕೊಟ್ಟು ಹೊಲಿಯಲೇಬೇಕು. ಹತ್ತು ದಾಟಿದ, ಹೊಲಿಗೆ ಬರುವ ಮಕ್ಕಳಿಗೆ ಇದು. ಬ್ಲೌಸ್ ಹೊಲಿಯುವ ಟೇಲರ್ ಹತ್ತಿರ ಒಂದು ಚೀಲ ಕೊಟ್ಟು ಹೇಳಿದರೆ ಎರಡು ವಾರದಲ್ಲಿ ತುಂಬಿಸಿಟ್ಟಿರುತ್ತಾರೆ. ಖಣ, ರುಬಿಯಾ, ಲೈನಿಂಗ್, ಎಲ್ಲ ಕಲಸಿರುತ್ತದೆ. ಅದನ್ನು ಮಕ್ಕಳ ನಡುವೆ ಸುರುವಿ ವಿಂಗಡಿಸಲು ಬಿಟ್ಟರೆ ಒಂದು ಮಧ್ಯಾಹ್ನ ಹಾಗೇ ಹೋಗುತ್ತದೆ.

ಮೂಲೆ ಎಷ್ಟು, ಲೆಕ್ಕ ಎಷ್ಟು

ಚೌಕ, ತ್ರಿಕೋನ, ಕೆಳಗೆ ಸೀಳಿದ ಬಾವುಟ, ಇಷ್ಟರಲ್ಲಿ ಆರಿಸಿದರೆ ಸಾಕು. ಚೌಕಕ್ಕೆ ಕತ್ತರಿ ಬೇಡ ಎಂದು ಆಗಲೇ ಹೇಳಿದೆ. ತ್ರಿಕೋನದ ಎರಡು ಬದಿ ಎಳೆಗೆ ಓರೆಯಾಗಿ ಬರುತ್ತವೆ, ಹಾಗಾಗಿ ಹೊಲಿಯದೆ ಬಿಟ್ಟರೂ ಚೌಕದಷ್ಟು ಎಳೆ ಬಿಡುವುದಿಲ್ಲ. ಟೇಲರ್ ಇಟ್ಟುಕೊಂಡಿರುವ ಜಿಗ್‌ಜಾಗ್ ಕತ್ತರಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದು ಭಾರ, ಅಂಗೈ ತುಂಬ ಬಲ ಬೇಕು. ಎಂಟು ವರ್ಷಕ್ಕಿಂತ ಚಿಕ್ಕವರ ಕೈಗೆ ಆಗುವುದಿಲ್ಲ.

ಚಿಕ್ಕ ಮಕ್ಕಳ ಮೊಂಡು ಕತ್ತರಿಯಲ್ಲಿ ತೆಳು ಬಟ್ಟೆ ಕತ್ತರಿಸದೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡಿ ಕೊಡಿ, ಹಾಳೆಯಂತೆ ಸರ್ರನೆ ಕತ್ತರಿಸುತ್ತಾರೆ. ಬಣ್ಣ ಹಚ್ಚುವುದಿದ್ದರೆ ಮಾತ್ರ ಈ ಉಪಾಯ ಬೇಡ, ಕಾರಣ ಮೇಲೆ ಹೇಳಿದ್ದೇ.

ಅಳತೆ ಹೀಗಿಟ್ಟುಕೊಳ್ಳಿ. ತ್ರಿಕೋನದ ಮೇಲಿನ ಬದಿ 6 ಇಂಚು, ಉದ್ದ 7 ಇಂಚು. 36 ಇಂಚು ಪನ್ನಾದ (ಅಗಲದ) ಬಟ್ಟೆಯಲ್ಲಿ ಒಂದು ನೇರ, ಒಂದು ತಲೆಕೆಳಗು ಎಂದು ಜೋಡಿಸಿ ಗುರುತು ಹಾಕಿದರೆ ಒಂದು ಸಾಲಿಗೆ 11 ಬರುತ್ತವೆ. ಒಂದು ಮೀಟರಿಗೆ ಅಂಥ 5 ಸಾಲು, ಒಟ್ಟು 55 ಬಾವುಟ. ಹೂವಿನ ಬಳ್ಳಿ, ಆನೆ, ನವಿಲಿನಂಥ ಮೇಲೆ-ಕೆಳಗೆ ಇರುವ ಪ್ರಿಂಟ್ ಬಟ್ಟೆಯಲ್ಲಿ ಹೀಗೆ ಜೋಡಿಸಬೇಡಿ, ಅರ್ಧ ಆನೆಗಳು ಕಾಲು ಮೇಲೆ ಮಾಡಿ ನಿಲ್ಲುತ್ತವೆ. 3 ಮೀಟರ್ ಸರಕ್ಕೆ 11 ಬಾವುಟ, ನಡುವೆ 2 ಇಂಚು ಬಿಡುವು. ಎರಡೂ ತುದಿಯಲ್ಲಿ 16 ಇಂಚಿನಷ್ಟು ಕಟ್ಟಲು ಉಳಿಯುತ್ತದೆ. ನಾಲ್ಕನೇ ಐದನೇ ಇಯತ್ತೆಯ ಮಕ್ಕಳಿಗೆ ಈ ಲೆಕ್ಕವನ್ನು ನೀವು ಮಾಡಿ ಕೊಡಬೇಡಿ. ರಟ್ಟಿನ ಒಂದು ತ್ರಿಕೋನ ಕೊಟ್ಟು, ಒಂದು ಮೀಟರಿನಲ್ಲಿ ಎಷ್ಟು ಕೂರಿಸ್ತೀರಿ ನೋಡೋಣ ಅಂದರೆ, ತಲೆಕೆಳಗು ಮಾಡುವ ಉಪಾಯ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ.

ಅಂಟು, ಸೂಜಿ, ಮಷಿನ್

ಅಂಟಿನ ಬಗ್ಗೆ ಬಹಳ ಹೇಳುವುದಿಲ್ಲ. ಬಿಳಿ ಫೆವಿಕಾಲ್ ನೀರಿಗೆ ಕರಗುತ್ತದೆ. ಮನೆಯೊಳಗೆ ನಾಲ್ಕು ದಿನದ ಅಲಂಕಾರಕ್ಕೆ ಸಾಕು, ಮಳೆಗೆ ನಿಲ್ಲುವುದಿಲ್ಲ. ಬಟ್ಟೆಗೆಂದೇ ಬರುವ ಅಂಟು ಒಗೆತಕ್ಕೂ ತಡೆಯುತ್ತದೆ, ಆದರೆ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಬಿಸಿ ಅಂಟಿನ ಗನ್ ಮಕ್ಕಳ ಕೈಗೆ ಬೇಡವೇ ಬೇಡ. ಸ್ಟೇಪ್ಲರ್ ಬಹಳ ಬೇಗ ಆಗುವ ಕೆಲಸ, ಆದರೆ ಪಿನ್ನು ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಬೀಳುತ್ತದೆ, ಸರ ಸುತ್ತಿಡುವಾಗ ಬೆರಳಿಗೆ ಚುಚ್ಚುತ್ತದೆ.

ಸೂಜಿಯ ಬಗ್ಗೆ ತಾಯಂದಿರಿಗೆ ಹೆದರಿಕೆ. ಏಳು ವರ್ಷದ ಮಗು ಸೂಜಿ ಹಿಡಿಯಬಲ್ಲದು, ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು. ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ ತನ್ನಿ. ಜಾಳು ನೇಯ್ಗೆಯ ಬಟ್ಟೆಯಲ್ಲಿ ಅದು ಆರಾಮಾಗಿ ಇಳಿಯುತ್ತದೆ. ದಾರ ಮಗುವಿನ ಮೊಳಕ್ಕಿಂತ ಉದ್ದ ಇರಬಾರದು, ಉದ್ದ ದಾರ ಗಂಟು ಬೀಳುತ್ತದೆ, ಮತ್ತು ಎಳೆಯುವ ಕೈ ಪಕ್ಕದ ಮಗುವಿನ ಮುಖದತನಕ ಹೋಗುತ್ತದೆ. ಹತ್ತು ಸೂಜಿ ಕೊಟ್ಟರೆ ಏಳುವ ಮೊದಲು ಹತ್ತು ಸೂಜಿ ಎಣಿಸಿ ತೆಗೆದುಕೊಳ್ಳಿ. ನಮ್ಮಲ್ಲಿ ಇದು ಮಕ್ಕಳದೇ ಕೆಲಸ, ಒಬ್ಬರು ಎಣಿಸುತ್ತಾರೆ, ಉಳಿದವರು ಕೈ ಎತ್ತಿ ಕೂರುತ್ತಾರೆ.

ಹೊಲಿಗೆ ಕಲಿಸಲು ಮೊದಲು ಕೌದಿ ತೋರಿಸಿ. ನಮ್ಮ ಕಡೆ ಯಾವ ಮನೆಯ ಅಟ್ಟದಲ್ಲಿ ಕೌದಿ ಇಲ್ಲ? ತುಂಡು ತುಂಡು ಅರಿವೆ ಜೋಡಿಸಿ, ಮೇಲೆ ಕೆಳಗೆ ಮೇಲೆ ಕೆಳಗೆ ಎಂದು ಸಾಲಾಗಿ ಹೊಲಿದದ್ದು. ಮಗುವಿನ ಬಾವುಟಕ್ಕೂ ಅದೇ ಹೊಲಿಗೆ ಸಾಕು. ಒಂದು ಬಣ್ಣದ ತ್ರಿಕೋನದ ಮೇಲೆ ಇನ್ನೊಂದು ಬಣ್ಣದ ಸಣ್ಣ ತುಂಡಿಟ್ಟು ಸುತ್ತ ಹೊಲಿದರೆ ಚೆಂದದ ಬಾವುಟ. ಟಾಕಿ ಸೊಟ್ಟ ಬಂದರೆ ಬಿಚ್ಚಿಸಬೇಡಿ. ಕೌದಿಯ ಹೊಲಿಗೆ ಹತ್ತಿರದಿಂದ ನೋಡಿದರೆ ಅದೂ ಅಲ್ಲಲ್ಲಿ ಸೊಟ್ಟ ಇರುತ್ತದೆ, ದೂರದಿಂದ ನೋಡಿದಾಗಲೇ ಅಲೆ ಕಾಣುವುದು.

ಹತ್ತು ದಾಟಿದವರಿಗೆ ಕಸೂತಿ, ಎಳೆ ಎಣಿಸಿ ಹೊಲಿಯುವ ನಮ್ಮ ಧಾರವಾಡ ಕಡೆಯ ಕೈಹೊಲಿಗೆ. ಇದನ್ನು ನಾನು ಧಾರವಾಡದವಳೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಪರಪರಿಗೆ ಕಸೂತಿ ಒಪ್ಪುವುದಕ್ಕೆ ಗಟ್ಟಿ ಕಾರಣ ಇದೆ. ಬಾವುಟ ಗಾಳಿಗೆ ಮಗುಚುತ್ತ ಎರಡೂ ಮುಖ ತೋರಿಸುತ್ತದೆ. ಉಳಿದ ಕೈಹೊಲಿಗೆಗಳಲ್ಲಿ ಹಿಂದಿನ ಬದಿ ಗಂಟು, ಅಡ್ಡ ದಾರ ಎಲ್ಲ ಕಾಣುತ್ತದೆ. ಕಸೂತಿಯ ಗವಂತಿ, ಮುರಗಿ ಎರಡೂ ಹೊಲಿಗೆಗಳು ಹಿಂದೆ ಮುಂದೆ ಒಂದೇ ಥರ ಬರುತ್ತವೆ, ಗಂಟು ಹಾಕುವುದೇ ಇಲ್ಲ. ಗವಂತಿಯನ್ನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ: ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ನಡುನಡುವೆ ಖಾಲಿ ಬಿಡ್ತಾ ಹೋಗು. ಬರುವಾಗ ಅದೇ ತೂತುಗಳಲ್ಲಿ ಇಳಿದು ಖಾಲಿ ತುಂಬಿಸ್ತಾ ಬಾ. ಹೋಗುವಾಗ ಮುರಿದ ಗೆರೆ, ಬರುವಾಗ ಪೂರ್ತಿ ಗೆರೆ. ಹನ್ನೊಂದು ವರ್ಷದ ಹುಡುಗನೊಬ್ಬ ಬಟ್ಟೆ ತಿರುಗಿಸಿ ಎರಡೂ ಬದಿ ಒಂದೇ ಇದ್ದದ್ದನ್ನು ನೋಡಿ, "ಕಾಕು, ಸೀದಾ ಯಾವುದು ಉಲ್ಟಾ ಯಾವುದು?" ಅಂದ. ಅವನ ಅಜ್ಜಿ ಇದನ್ನು ಕಪ್ಪು ಚಂದ್ರಕಾಳಿ ಸೀರೆಯ ಸೆರಗಿಗೆ ಹಾಕುತ್ತಿದ್ದರಂತೆ, ಮನೆಗೆ ಹೋಗಿ ಕೇಳಿ ಬಂದು ಹೇಳಿದ.

ಕಸೂತಿಗೆ ಎಳೆ ಎಣಿಸುವಷ್ಟು ದಪ್ಪ ನೇಯ್ಗೆ ಬೇಕು. ಮ್ಯಾಟಿ ಬಟ್ಟೆ ಸುಲಭ, ದಪ್ಪ ಖಾದಿ ಇನ್ನೂ ಸುಂದರ. ಪಾಪ್ಲಿನ್ ಆಗದು, ಎಳೆ ಎಣಿಸಿ ಎಣಿಸಿ ಮಕ್ಕಳ ಕಣ್ಣು ನೋಯುತ್ತವೆ. ಒಂದು ಬಾವುಟಕ್ಕೆ ಒಂದು ಸಣ್ಣ ಗೋಪುರವೋ ತುಳಸಿಕಟ್ಟೆಯೋ ಸಾಕು. ಆನೆ, ಅಂಬಾರಿ ಎಂದು ಆಸೆ ಮಾಡಿದರೆ ರಜೆ ಮುಗಿದರೂ ಆನೆಗೆ ಸೊಂಡಿಲು ಬಂದಿರುವುದಿಲ್ಲ.

ಮಷಿನ್ ಬಗ್ಗೆ ಒಂದೇ ಮಾತು. ಮನೆಯಲ್ಲಿ ಹಳೆಯ ಕೈಮಷಿನ್ ಇದ್ದರೆ ಅದನ್ನೇ ಹೊರಗೆ ತೆಗೆಯಿರಿ. ಮೋಟರ್ ಮಷಿನ್ ಮಗುವಿನ ಬೆರಳಿಗಿಂತ ವೇಗ. ಕೈಮಷಿನ್‌ನಲ್ಲಿ ಮಗು ಹಿಡಿ ತಿರುಗಿಸಲಿ, ನೀವು ಬಟ್ಟೆ ಹಿಡಿಯಿರಿ.

ಬಣ್ಣ: ಅರಿಷಿಣ, ಬೆಂಡೆಕಾಯಿ, ಬಾಟಲಿಯ ಬಣ್ಣ

ಬಾಟಲಿಯಲ್ಲಿ ಬರುವ ಬಟ್ಟೆಯ ಅಕ್ರಿಲಿಕ್ ಬಣ್ಣ ಗಟ್ಟಿ, ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಒಗೆದರೂ ಹೋಗುವುದಿಲ್ಲ. ಐದು ವರ್ಷದವರಿಗೆ ಕುಂಚ ಕೊಡುವ ಬದಲು ತರಕಾರಿ ಅಚ್ಚು ಕೊಡಿ. ಬೆಂಡೆಕಾಯಿ ಅಡ್ಡ ಕತ್ತರಿಸಿದರೆ ಐದು ಮೂಲೆಯ ಹೂವು, ಉಳ್ಳಾಗಡ್ಡಿ ಕತ್ತರಿಸಿದರೆ ಒಳಗೊಳಗೆ ಬಳೆ, ಆಲೂಗಡ್ಡೆಯಲ್ಲಿ ನಿಮಗೆ ಬೇಕಾದ್ದು ಕೆತ್ತಬಹುದು. ಕತ್ತರಿಸಿದ ಮೇಲೆ ಅರ್ಧ ತಾಸು ಬಿಟ್ಟು, ಹಳೆ ಪೇಪರಿಗೆ ಒತ್ತಿ ನೀರು ತೆಗೆದು ಬಣ್ಣ ಹಚ್ಚಿ. ಹಸಿಯಾಗಿಯೇ ಒತ್ತಿದರೆ ಬಣ್ಣ ಹರಡಿ ಹೂವು ಹೋಗಿ ಕಲೆಯಾಗುತ್ತದೆ.

ಆದರೆ ರಾಜ್ಯೋತ್ಸವದ ಪರಪರಿಗೆ ನನಗೆ ಬಹಳ ಇಷ್ಟದ್ದು ಅರಿಷಿಣ. ಕನ್ನಡದ ಬಾವುಟವನ್ನು 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದರು, ಮೇಲೆ ಹಳದಿ, ಕೆಳಗೆ ಕೆಂಪು. ಅರಿಷಿಣ ಕುಂಕುಮ ಅಂತಲೇ ನಾವು ಅದನ್ನು ಕರೆಯುವುದು. ಆ ಎರಡೂ ಬಣ್ಣ ಅರಿಷಿಣದ ಒಂದೇ ಡಬ್ಬಿಯಲ್ಲಿವೆ. ಅರಿಷಿಣದ ಕಲೆ ಬಿದ್ದ ಸೀರೆಗೆ ಸೋಪು ತಿಕ್ಕಿದರೆ ಕೆಂಪಾಗುವುದನ್ನು ನೋಡದ ಹೆಂಗಸರು ಯಾರು? ಸೋಪಿನ ಕ್ಷಾರಕ್ಕೆ ಅರಿಷಿಣ ಕೆಂಪಾಗುತ್ತದೆ, ಹುಳಿಗೆ ಮತ್ತೆ ಹಳದಿಯಾಗುತ್ತದೆ.

ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅರಿಷಿಣ ಹಾಕಿ ಕುದಿಸಿ, ಆರಿದ ಮೇಲೆ ಬಿಳಿ ಅರಿವೆಯ ಬಾವುಟಗಳನ್ನು ಅರ್ಧ ತಾಸು ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸಿ. ಈಗ ಬಟ್ಟೆ ಸೋಪಿನ ಸಣ್ಣ ಚೂರನ್ನು ನೀರಲ್ಲಿ ಅದ್ದಿ ಮಗುವಿನ ಕೈಗೆ ಕೊಡಿ. ಹಳದಿ ಅರಿವೆಯ ಮೇಲೆ ಬಿಳಿ ಸೋಪಿನಿಂದ ಗೆರೆ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಇದನ್ನು ಮೊದಲ ಸಲ ನೋಡಿದ ಮಗು ಸೋಪನ್ನು ತಿರುಗಿಸಿ ಅದರ ತಳ ನೋಡುತ್ತದೆ, ಕೆಂಪು ಎಲ್ಲಿ ಅಡಗಿದೆ ಎಂದು. ಕೆಳಗಿನ ಅರ್ಧಕ್ಕೆ ಪೂರ್ತಿ ಸೋಪು ಹಚ್ಚಿದರೆ ಕನ್ನಡ ಬಾವುಟ. ನಿಂಬೆಹಣ್ಣಿನ ರಸದಲ್ಲಿ ಬೆರಳದ್ದಿ ಕೆಂಪಿನ ಮೇಲೆ ಬರೆದರೆ ಮತ್ತೆ ಹಳದಿ ಅಕ್ಷರ. ಮುಗಿದ ಮೇಲೆ ಕೈ ತೊಳೆಸಿ, ಕಣ್ಣು ತಿಕ್ಕಲು ಬಿಡಬೇಡಿ. ಸುಣ್ಣದ ನೀರಿಗೂ ಇದೇ ಬಣ್ಣ ಬರುತ್ತದೆ, ಆದರೆ ಸುಣ್ಣ ಕಣ್ಣಿಗೆ ಅಪಾಯ, ಮಕ್ಕಳ ಹತ್ತಿರ ತರಬೇಡಿ.

ಇದರ ಕೊರತೆಯನ್ನೂ ಹೇಳಬೇಕು. ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಕೆಲವೇ ದಿನಗಳಲ್ಲಿ ಮಾಸುತ್ತದೆ, ಕೆಂಪು ಇನ್ನೂ ಬೇಗ. ವರ್ಷಗಟ್ಟಲೆ ಇಡುವ ಸರ ಬೇಕಾದವರು ಹಳದಿ, ಕೆಂಪು ಎರಡು ಬಣ್ಣದ ಪಾಪ್ಲಿನ್ ತಂದು ಜೋಡಿಸಿ ಹೊಲಿಯಲಿ. ಮಕ್ಕಳ ಕಣ್ಣರಳುವುದನ್ನು ನೋಡಬೇಕಾದವರು ಅರಿಷಿಣವನ್ನೇ ಹಿಡಿಯಲಿ. ನಾನು ಎರಡನ್ನೂ ಮಾಡುತ್ತೇನೆ.

ಹವಾಮಾನವನ್ನೂ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಒಗೆದ ಟವೆಲ್ಲೇ ಎರಡು ದಿನ ಒಣಗುವುದಿಲ್ಲ, ಬಣ್ಣ ಎಲ್ಲಿ ಒಣಗಬೇಕು? ಮಳೆಗಾಲಕ್ಕೆ ಹರಿಯುವುದು, ಹೊಲಿಯುವುದು. ಬಣ್ಣಕ್ಕೆ ಅಕ್ಟೋಬರ್.

ತಿರಂಗದ ಪರಪರಿ ಬೇಡ

ಇಲ್ಲಿ ಆಯ್ಕೆಯೇ ಇಲ್ಲ. ಆಗಸ್ಟ್ 15ಕ್ಕೆ ಮಕ್ಕಳಿಂದ ಕೇಸರಿ-ಬಿಳಿ-ಹಸಿರಿನ ಸಣ್ಣ ಸಣ್ಣ ಧ್ವಜ ಮಾಡಿಸಿ ಸರ ಕಟ್ಟುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ 2002ರ ಜನವರಿ 26ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ತೋರಣವಾಗಿ, ಬಂಟಿಂಗ್ ಆಗಿ, ಅಲಂಕಾರಕ್ಕಾಗಿ ಬಳಸುವಂತಿಲ್ಲ. ಬೇರೆ ಬಣ್ಣದ ಬಟ್ಟೆಗಳನ್ನು ರಾಷ್ಟ್ರಧ್ವಜದಂತೆ ಕಾಣುವ ಹಾಗೆ ಜೋಡಿಸುವುದೂ ಸಲ್ಲದು.

ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ, ಏಕೆಂದರೆ ಖಾದಿಯ ರಾಷ್ಟ್ರಧ್ವಜ ನಮ್ಮ ಕಡೆಯೂ ತಯಾರಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪ್ರಮಾಣಪತ್ರ ಪಡೆದು ಖಾದಿ ಧ್ವಜ ತಯಾರಿಸುತ್ತದೆ. ಧಾರವಾಡ ತಾಲೂಕಿನ ಗರಗದಲ್ಲೂ ಧ್ವಜದ ಖಾದಿ ನೇಯುತ್ತಾರೆ. ಉದ್ದ ಅಗಲ 3ಕ್ಕೆ 2ರ ಅಳತೆ, ಚಕ್ರದಲ್ಲಿ 24 ಅರಗಳು, ಚಿಕ್ಕದು 6 ಇಂಚಿಗೆ 4 ಇಂಚು, ದೊಡ್ಡದು 21 ಅಡಿಗೆ 14 ಅಡಿ. ಎಳೆ, ಬಣ್ಣ, ಹೊಲಿಗೆ ಯಾವುದು ತಪ್ಪಿದರೂ ಆ ಧ್ವಜ ಹೊರಗೆ ಹೋಗುವುದಿಲ್ಲ. ಇಷ್ಟು ಹೇಳಿದರೆ ಎಂಟು ವರ್ಷದ ಮಗುವಿಗೂ ಅದು ಅಲಂಕಾರದ ವಸ್ತು ಅಲ್ಲ ಎಂದು ಅರ್ಥವಾಗುತ್ತದೆ.

ಆಗಸ್ಟ್‌ಗೆ ಪರಪರಿ ಬೇಕಾದರೆ ಬಿಳಿ ಖಾದಿಯ ಚೌಕಗಳ ಮೇಲೆ ಬಣ್ಣದ ದಾರದಿಂದ ಚರಕ, ಕಮಲ, ನವಿಲು ಹೊಲಿಸಿ. ನೀಲಿಯ ಮೇಲೆ ಬಿಳಿ ಹೊಲಿಗೆಯೂ ಚೆಂದ.

ದಾರ, ಕಟ್ಟುವ ರೀತಿ

ನೈಲಾನ್ ಹಗ್ಗ ಜಾರುತ್ತದೆ, ಗಾಳಿ ಬಂದರೆ ಬಾವುಟಗಳೆಲ್ಲ ನಡುವೆ ಬಂದು ಗುಂಪಾಗಿ ಕೂರುತ್ತವೆ. ಮಡಚಿ ಅಂಟಿಸುವ ಬಾವುಟಕ್ಕೆ ಸೆಣಬಿನ ಹುರಿ ಒಳ್ಳೆಯದು, ಅದರ ನಾರು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಹೊಲಿಯುವವರಿಗೆ ಕಾಟನ್ ಲಾಡಿ ಅಥವಾ ಟೇಲರ್ ಕೊಡುವ ಕ್ರಾಸ್ ಪಟ್ಟಿ. ಪಟ್ಟಿಯನ್ನು ನಡುವೆ ಮಡಚಿ, ಬಾವುಟದ ತಲೆಯನ್ನು ಒಳಗೆ ಕೂರಿಸಿ, ಒಂದೇ ಹೊಲಿಗೆ ಓಡಿಸಿದರೆ ಆಯಿತು. ಚಿಕ್ಕವರು ಹರಿದ ಚೌಕಗಳಿಗೆ ಹೊಲಿಗೆಯೂ ಬೇಡ, ಮೇಲಿನ ಎರಡು ಮೂಲೆಯಲ್ಲಿ ಗೀರು ಹಾಕಿ ಕೊಟ್ಟರೆ ಅವರೇ ಹುರಿಗೆ ಪೋಣಿಸುತ್ತಾರೆ.

ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತಾಗ ಎಲ್ಲರ ಬಾವುಟವೂ ಒಂದೇ ಸರದಲ್ಲಿ ಬರಲಿ. ಕುಚ್ಚಿನ ಚೌಕದ ಪಕ್ಕ ಕಸೂತಿಯ ತ್ರಿಕೋನ, ಅದರ ಪಕ್ಕ ಬೆಂಡೆಕಾಯಿ ಹೂವು. ಒಂದೇ ಅಳತೆಯ ಬಾವುಟ, ಒಂದೇ ಬಣ್ಣದ ಪಟ್ಟಿ ಇಟ್ಟರೆ ಉಳಿದದ್ದು ಎಷ್ಟು ಬೇರೆ ಇದ್ದರೂ ಸರ ಹೊಂದಿಕೊಳ್ಳುತ್ತದೆ.

ಕಟ್ಟುವಾಗ ವಿದ್ಯುತ್ ಕಂಬ, ವೈರು ಇರುವ ಕಡೆ ಬೇಡ. ಓಣಿಗೆ ಅಡ್ಡ ಕಟ್ಟುವುದಾದರೆ ತರಕಾರಿ ತುಂಬಿದ ಟಂಟಂ ಗಾಡಿ ಕೆಳಗೆ ಹಾದು ಹೋಗುವಷ್ಟು ಎತ್ತರ ಇರಲಿ. ಕೈಗೂಸಿನ ತೊಟ್ಟಿಲ ಮೇಲೆ ಕೈಗೆಟುಕುವಂತೆ ಯಾವ ಸರವನ್ನೂ ಕಟ್ಟಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ಇಳಿಸುವಾಗ ದಾರ ಕತ್ತರಿಸದೆ ಬಿಚ್ಚಲು ಬರುವ ಹಾಗೆ ತುದಿಗಂಟು ಹಾಕಿ.

ಹಬ್ಬ ಮುಗಿದ ಮೇಲೆ ಅರಿಷಿಣದ್ದನ್ನು ಬಿಟ್ಟು ಉಳಿದದ್ದನ್ನು ತಣ್ಣೀರಲ್ಲಿ ಒಗೆದು, ಪೂರ್ತಿ ಒಣಗಿಸಿ, ಉದ್ದ ರಟ್ಟಿಗೆ ಸುತ್ತಿ, ನಡುವೆ ಒಣ ಬೇವಿನ ಎಲೆ ಇಟ್ಟು ಡಬ್ಬಿಗೆ ಹಾಕಿ. ಸುತ್ತುವ ಮೊದಲು ಪ್ರತಿ ಬಾವುಟದ ಹಿಂದೆ ಮೂಲೆಯಲ್ಲಿ ಮಗುವಿನ ಹೆಸರು, ವರ್ಷ ಬರೆಸಿ. ಬರೆಯಲು ಬಾರದ ಚಿಕ್ಕವರದಾದರೆ ಹೆಬ್ಬೆರಳಿಗೆ ಬಣ್ಣ ಹಚ್ಚಿ ಒತ್ತಿಸಿ.